ಬಿಟ್ಟು ಹೋದವರ ಮೇಲ್ ಎಲ್ಲಿಗೆ ಹೋಗುತ್ತೆ? ಕಂಪನಿಗೊಂದು ಇಮೇಲ್ ಆರ್ಕೈವ್ ಕಟ್ಟಿದ ಅನುಭವ

(ಪುಣೆಯ ನಮ್ಮ ಕನ್ನಡ ಟೆಕ್ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ. ಕೊನೆಯಲ್ಲಿ ಪ್ರಶ್ನೋತ್ತರ ಇದೆ.)

ಹಿಂದೆ ಕೂತವರಿಗೂ ಕೇಳಿಸ್ತಿದೆಯಾ? ಸರಿ.

ಎಐ ಬಗ್ಗೆ ಮಾತಾಡಿ ಅಂತ ಕೇಳಿದ್ದರು. ನಾನೇ ಬೇಡ ಅಂದೆ. ಅದರ ಬಗ್ಗೆ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ಇಮೇಲ್ ಆರ್ಕೈವ್ ಬಗ್ಗೆ ಯಾರೂ ಮಾತಾಡಲ್ಲ, ಕೆಟ್ಟ ದಿನ ಬರೋವರೆಗೂ ಅದು ಯಾರಿಗೂ ನೆನಪಾಗಲ್ಲ. ನನಗೆ ಆ ಕೆಟ್ಟ ದಿನ ಬಂದಿತ್ತು. ತಪ್ಪು ಮಾಡಿದವನೂ ನಾನೇ. ಅಲ್ಲಿಂದಲೇ ಶುರು ಮಾಡ್ತೀನಿ.

ನಾನು ಒತ್ತಿದ ಡಿಲೀಟ್ ಬಟನ್

ಆಗ ನಾನಿದ್ದದ್ದು ಇದೇ ಊರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ. ಸುಮಾರು ಮುನ್ನೂರು ಜನ. ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್, ಅದರ ಸಾಫ್ಟ್‌ವೇರ್ ಮಾಡಿಕೊಡೋ ಕೆಲಸ. ನಾನು ಡೆವಲಪರ್, ಆದರೆ ಐಟಿ ಟೀಮಲ್ಲಿ ಇದ್ದದ್ದು ಇಬ್ಬರೇ ಆದ್ದರಿಂದ ಮೇಲ್ ಅಡ್ಮಿನ್ ಕೆಲಸಾನೂ ನನ್ನ ತಲೆಗೇ ಬಂದಿತ್ತು. ಎಂಟೆಕ್‌ನಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದಿದವನಿಗೆ ಇದೊಂದು ಕೆಲಸಾನಾ ಅನ್ನೋ ಧೋರಣೆ ಬೇರೆ.

ಅಲ್ಲಿ ಒಬ್ಬರು ಪ್ರಾಜೆಕ್ಟ್ ಮ್ಯಾನೇಜರ್ ಇದ್ದರು. ವಿಜಯಪುರದ ಕಡೆಯವರು. ಪುಣೆಗೆ ಬಂದ ಹೊಸದರಲ್ಲಿ ನನಗೆ ರೂಮು ಹುಡುಕಿಕೊಟ್ಟವರು ಅವರೇ. ಹೈದರಾಬಾದಿನಲ್ಲಿ ಬೇರೆ ಕೆಲಸ ಸಿಕ್ಕಿತು, ರಾಜೀನಾಮೆ ಕೊಟ್ಟು ಹೋದರು. ಎಲ್ಲವೂ ಚೆಂದವಾಗೇ ಮುಗೀತು. ನಮ್ಮ ಚೆಕ್‌ಲಿಸ್ಟ್ ಪ್ರಕಾರ ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್ ತಗೋಬೇಕು, ಐಡಿ ಕಾರ್ಡ್ ತಗೋಬೇಕು, ಮೇಲ್ ಅಕೌಂಟ್ ಡಿಲೀಟ್ ಮಾಡಿ ಲೈಸೆನ್ಸ್ ಬಿಡಿಸ್ಕೋಬೇಕು. ಲೈಸೆನ್ಸ್ ಅಂದರೆ ತಿಂಗಳಿಗೆ ಇಂತಿಷ್ಟು ದುಡ್ಡು, ಉಳಿದರೆ ಉಳಿತಾಯ. ನಾನು ಡಿಲೀಟ್ ಒತ್ತಿದೆ.

41ನೇ ದಿನ ಒಬ್ಬ ಗ್ರಾಹಕರಿಂದ ದೊಡ್ಡ ತಗಾದೆ ಬಂತು. ಟೆಸ್ಟಿಂಗ್ ಸ್ಪೆಸಿಫಿಕೇಶನ್ ಬದಲಾಯಿಸಿದ್ದೀರಿ, ನಮಗೆ ತಿಳಿಸೇ ಇಲ್ಲ, ಬಿಲ್ಲಿನಲ್ಲಿ ಹಣ ಹಿಡೀತೀವಿ ಅಂತ. ಮ್ಯಾನೇಜ್‌ಮೆಂಟ್ ಅವರಿಗೆ ಫೋನ್ ಮಾಡಿತು. ಅವರು ಹೇಳಿದ್ದು, ನಾನು ಮೇಲ್ ಕಳಿಸಿದ್ದೆ, ಅವರು ಒಪ್ಪಿಗೆ ಅಂತ ರಿಪ್ಲೈ ಮಾಡಿದ್ದರು. ಆಮೇಲೆ ನನಗೇ ಫೋನ್ ಮಾಡಿದರು. "ತಮ್ಮಾ, ಆ ಮೇಲ್ ನಾ ಕಳಿಸೇನಿ. ನೀ ಒಂಚೂರು ಹುಡುಕಿ ಕೊಡು, ಮುಗೀತು."

ನಾವು ಬಳಸ್ತಿದ್ದದ್ದು ಮೈಕ್ರೋಸಾಫ್ಟ್ 365. ಅಲ್ಲಿ ಡಿಲೀಟ್ ಮಾಡಿದ ಬಳಕೆದಾರರನ್ನು 30 ದಿನದೊಳಗೆ ವಾಪಸ್ ತರಬಹುದು. ಆಮೇಲೆ ಮೇಲ್‌ಬಾಕ್ಸ್ ಶಾಶ್ವತವಾಗಿ ಹೋಗುತ್ತೆ, ಅದರ ಮೇಲೆ ಮೊದಲೇ ಹೋಲ್ಡ್ ಅಥವಾ ರಿಟೆನ್ಶನ್ ಪಾಲಿಸಿ ಇಲ್ಲದೇ ಇದ್ದರೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಈ ಗಡುವು 20 ದಿನ. ನಮ್ಮಲ್ಲಿ ಹೋಲ್ಡೂ ಇರಲಿಲ್ಲ, ಪಾಲಿಸಿನೂ ಇರಲಿಲ್ಲ.

ಸಿಸಿಯಲ್ಲಿ ಟೀಮಿನ ಇಬ್ಬರು ಇದ್ದರಂತೆ. ಒಬ್ಬನ ಮೇಲ್‌ಬಾಕ್ಸ್ ತುಂಬಿ ಹಳೇದೆಲ್ಲ ಅಳಿಸಿಕೊಂಡಿದ್ದ. ಇನ್ನೊಬ್ಬ ಹಳೇ ಮೇಲೆಲ್ಲ ಪಿಎಸ್‌ಟಿ ಫೈಲಿಗೆ ಹಾಕಿ ನೆಟ್‌ವರ್ಕ್ ಡ್ರೈವಿನಲ್ಲಿ ಇಟ್ಟಿದ್ದ. ಆ ಫೈಲ್ ಕೆಟ್ಟಿತ್ತು, ರಿಪೇರಿ ಟೂಲ್ ಓಡಿಸಿದರೂ ಆ ಫೋಲ್ಡರ್ ಬರಲಿಲ್ಲ. ಪಿಎಸ್‌ಟಿಯನ್ನ ನೆಟ್‌ವರ್ಕ್ ಶೇರಿನಲ್ಲಿಟ್ಟು ಬಳಸಬೇಡಿ ಅಂತ ಮೈಕ್ರೋಸಾಫ್ಟ್ ಮೊದಲಿಂದಲೂ ಹೇಳ್ತಾನೇ ಬಂದಿದೆ. ಕೇಳೋರು ಯಾರು?

ಕೊನೆಗೆ ಕಂಪನಿ ಗ್ರಾಹಕರಿಗೆ ರಿಯಾಯಿತಿ ಕೊಟ್ಟು ಕೈ ತೊಳ್ಕೊಂಡಿತು. ಆದರೆ ಆ ವಿಚಾರ ಮುಗಿಯೋವರೆಗೂ ಇವರ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ತಡೆಹಿಡಿದರು. ಐದು ತಿಂಗಳು. ಆ ವರ್ಷ ಮಗಳನ್ನ ಕಾಲೇಜಿಗೆ ಸೇರಿಸಬೇಕಾಗಿತ್ತು ಅವರಿಗೆ. ಆಫೀಸ್ ಮೇಲ್ ಅನ್ನ ಸ್ವಂತ ಜಿಮೇಲಿಗೆ ಕಳಿಸ್ಕೋಬಾರದು ಅನ್ನೋ ನಿಯಮವನ್ನ ಅವರು ಅಕ್ಷರಶಃ ಪಾಲಿಸಿದ್ದರು. ಪಾಲಿಸದೇ ಇದ್ದಿದ್ದರೆ ಅವರ ಹತ್ತಿರ ಆ ಮೇಲ್ ಇರ್ತಿತ್ತು. ಈ ಮಾತು ನನ್ನನ್ನ ಇವತ್ತಿಗೂ ಕಾಡುತ್ತೆ.

ಬ್ಯಾಕಪ್ ಬೇರೆ, ಆರ್ಕೈವ್ ಬೇರೆ

ಇದನ್ನ ಹೇಳಿದಾಗ ಮೊದಲು ಕೇಳೋ ಪ್ರಶ್ನೆ, "ನಿಮ್ಮಲ್ಲಿ ಬ್ಯಾಕಪ್ ಇರಲಿಲ್ವಾ?" ಸರ್ವರ್‌ಗಳಿಗೆ ಇತ್ತು. ಮೇಲಿಗೆ ಇದ್ದಿದ್ದರೂ ಅದು ಉತ್ತರ ಆಗ್ತಿರಲಿಲ್ಲ.

ಬ್ಯಾಕಪ್ ಅಂದರೆ ಒಂದು ಕ್ಷಣದ ಫೋಟೋ. ನಿನ್ನೆ ರಾತ್ರಿ ಎರಡು ಗಂಟೆಗೆ ಸಿಸ್ಟಮ್ ಹೇಗಿತ್ತೋ ಹಾಗೆ ವಾಪಸ್ ತರೋಕೆ. ಬೆಳಿಗ್ಗೆ ಹತ್ತಕ್ಕೆ ಬಂದ ಮೇಲ್ ಅನ್ನ ಹನ್ನೊಂದಕ್ಕೆ ಅಳಿಸಿ, ಸಂಜೆ ಟ್ರ್ಯಾಶನ್ನೂ ಖಾಲಿ ಮಾಡಿದರೆ ರಾತ್ರಿಯ ಫೋಟೋದಲ್ಲಿ ಅದು ಸಿಗೋದು ಅನುಮಾನ. ಆರ್ಕೈವ್ ಅಂದರೆ ಬಂದ ಮತ್ತು ಹೋದ ಪ್ರತಿಯೊಂದು ಮೇಲಿನ ಪ್ರತಿ, ಬದಲಾಗದ ಹಾಗೆ, ಹುಡುಕಿದರೆ ಸಿಗೋ ಹಾಗೆ.

ಈ ವ್ಯತ್ಯಾಸ ಎಷ್ಟು ದುಬಾರಿ ಅನ್ನೋದಕ್ಕೆ ಅಮೆರಿಕದ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಲಾರಾ ಜುಬುಲೇಕ್ ಅನ್ನೋರು ತಾವು ಕೆಲಸ ಮಾಡ್ತಿದ್ದ ಯುಬಿಎಸ್ ವಾರ್ಬರ್ಗ್ ಮೇಲೆ ಲಿಂಗ ತಾರತಮ್ಯದ ದಾವೆ ಹಾಕಿದರು. ಅವರಿಗೆ ಬೇಕಾದ ಹಲವು ಮೇಲ್‌ಗಳು ಉಳಿದಿದ್ದದ್ದು ಬ್ಯಾಕಪ್ ಟೇಪುಗಳಲ್ಲಿ ಮಾತ್ರ. 2003ರಲ್ಲಿ ಮಾದರಿಗಾಗಿ ಐದು ಟೇಪು ತೆಗೆಸಿದಾಗ ವಿಷಯಕ್ಕೆ ಸಂಬಂಧಿಸಿದ ಸುಮಾರು 600 ಮೇಲ್ ಸಿಕ್ಕವು. ಉಳಿದ ಟೇಪುಗಳನ್ನ ತೆಗೆದು, ಹುಡುಕಿ, ಪರಿಶೀಲಿಸೋಕೆ ಹಾಕಿದ ಅಂದಾಜು ಸುಮಾರು 2.73 ಲಕ್ಷ ಡಾಲರ್. ಅಷ್ಟರ ಮೇಲೆ ಕೆಲವು ಟೇಪು ನಾಪತ್ತೆ, ಕೆಲವು ಮೇಲ್ ಅಳಿಸಿಹೋಗಿತ್ತು. ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಇದನ್ನ ಗಂಭೀರವಾಗಿ ತಗೊಂಡರು. 2005ರಲ್ಲಿ ಜ್ಯೂರಿ ಕೊಟ್ಟ ಪರಿಹಾರ 2.9 ಕೋಟಿ ಡಾಲರಿಗೂ ಹೆಚ್ಚು.

ಅದು ಅಮೆರಿಕ, ನಮಗೇನು ಅನ್ಬೇಡಿ. ನಮ್ಮ ಸುಪ್ರೀಂ ಕೋರ್ಟು 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ ಕೊಟ್ಟ ತೀರ್ಪು ನೋಡಿ. ಬಾಕ್ಸೈಟ್ ಸರಬರಾಜಿನ ವ್ಯವಹಾರ, ಐದು ಹಡಗಿನ ಲೋಡು. ಔಪಚಾರಿಕ ಕರಾರು ಪತ್ರಕ್ಕೆ ಸಹಿ ಬಿದ್ದಿರಲಿಲ್ಲ. ಇಮೇಲಿನಲ್ಲಿ ಒಬ್ಬರು ಕೇಳಿದರು, ಇನ್ನೊಬ್ಬರು ಒಪ್ಪಿದರು, ಅಷ್ಟರಿಂದಲೇ ಕರಾರು ಆಯ್ತು ಅಂತ ಕೋರ್ಟು ಹೇಳಿತು. ಅಂದರೆ ನಿಮ್ಮ ಸೇಲ್ಸ್‌ನವರು ಮೊಬೈಲಿನಲ್ಲಿ "ಓಕೆ, ಕನ್ಫರ್ಮ್ಡ್" ಅಂತ ಟೈಪ್ ಮಾಡಿದ್ದು ಒಪ್ಪಂದದ ಕಾಗದ ಇದ್ದ ಹಾಗೆ. ಆ ಕಾಗದವನ್ನ ನಾನು ಲೈಸೆನ್ಸ್ ಉಳಿಸೋಕೆ ಹರಿದು ಹಾಕಿದ್ದೆ.

ಕಾನೂನು ಏನು ಕೇಳುತ್ತೆ?

ನಾನು ವಕೀಲ ಅಲ್ಲ. ನಿಮ್ಮ ಸಿಎ, ನಿಮ್ಮ ವಕೀಲರನ್ನ ಕೇಳಿಯೇ ತೀರ್ಮಾನ ಮಾಡಿ. ಆದರೆ ಸಿಸ್ಟಮ್ ಆರಿಸೋರಿಗೆ ಇಷ್ಟು ಗೊತ್ತಿರಬೇಕು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 7ನೇ ಸೆಕ್ಷನ್ ನನಗೆ ಬಹಳ ಇಷ್ಟ. ಎಲೆಕ್ಟ್ರಾನಿಕ್ ದಾಖಲೆಯನ್ನ ಇಟ್ಟುಕೊಂಡಿದ್ದೀರಿ ಅನ್ನಿಸಿಕೊಳ್ಳೋಕೆ ಅದು ಮೂರು ಷರತ್ತು ಹಾಕುತ್ತೆ. ಒಂದು, ಮುಂದೆ ಬೇಕಾದಾಗ ತೆಗೆದು ನೋಡೋಕೆ ಸಿಗಬೇಕು. ಎರಡು, ಮೊದಲು ಇದ್ದ ರೂಪದಲ್ಲೇ ಇರಬೇಕು, ಇಲ್ಲವೇ ಅದನ್ನ ಸರಿಯಾಗಿ ತೋರಿಸೋ ರೂಪದಲ್ಲಿ ಇರಬೇಕು. ಮೂರು, ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಯಾವ ದಿನ, ಯಾವ ಹೊತ್ತು ಅನ್ನೋ ವಿವರ ಉಳಿದಿರಬೇಕು. ಇದನ್ನೇ ನಾನು ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಮಾಡಿಕೊಂಡೆ. ಮೇಲ್ ಅನ್ನ ಪ್ರಿಂಟ್ ಹಾಕಿ ಪಿಡಿಎಫ್ ಮಾಡಿ ಇಟ್ಟರೆ ಹೆಡರ್ ಹೋಯ್ತು, ಮೂರನೇ ಷರತ್ತಿಗೆ ಪೆಟ್ಟು ಬಿತ್ತು.

ಎಷ್ಟು ವರ್ಷ ಇಡಬೇಕು? ಎಲ್ಲ ಮೇಲಿಗೂ ಒಂದೇ ಉತ್ತರ ಇಲ್ಲ. ಕಂಪನಿ ಕಾಯ್ದೆ 2013ರ 128ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳು ಎಂಟು ಹಣಕಾಸು ವರ್ಷ. ಜಿಎಸ್‌ಟಿಯಲ್ಲಿ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು. ಕರಾರಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಇನ್ನೊಂದು ಕಡೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡು ಅಂತ ಹೇಳದಿದ್ದರೆ, ವೈಯಕ್ತಿಕ ಡೇಟಾ ಅಳಿಸು ಅನ್ನುತ್ತೆ. ಹಾಗಾಗಿ "ಎಲ್ಲಾನೂ ಶಾಶ್ವತವಾಗಿ ಇಟ್ಟುಬಿಡೋಣ" ಅನ್ನೋದು ಸುಲಭದ ಉತ್ತರ, ಸರಿಯಾದ ಉತ್ತರ ಅಲ್ಲ. ನಾವು ಹಣಕಾಸು, ಸೇಲ್ಸ್, ಪ್ರಾಜೆಕ್ಟಿಗೆ ಎಂಟು ವರ್ಷ, ನೇಮಕಾತಿ ವಿಭಾಗದ ರೆಸ್ಯೂಮೆ ಮೇಲ್‌ಗಳಿಗೆ ಒಂದು ವರ್ಷ ಅಂತ ಮಾಡಿಕೊಂಡೆವು.

ಕೊನೇದು ಸಾಕ್ಷ್ಯ. 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಮೊದಲು 65ಬಿ ಅಂತಿದ್ದದ್ದು ಈಗ 63ನೇ ಸೆಕ್ಷನ್. ಅದರ ಸರ್ಟಿಫಿಕೇಟಿನಲ್ಲಿ ಎರಡು ಭಾಗ, ಒಂದು ದಾಖಲೆ ಕೊಡೋರದ್ದು, ಇನ್ನೊಂದು ತಜ್ಞರದ್ದು. ಎರಡರಲ್ಲೂ ದಾಖಲೆಯ ಹ್ಯಾಶ್ ಬರೀಬೇಕು. ಹ್ಯಾಶ್ ಅಂದರೆ ನಮಗೆ ಗೊತ್ತಿರೋದೇ, ಎಸ್‌ಎಚ್‌ಎ 256 ಥರದ್ದು. ಎಕ್ಸ್‌ಪೋರ್ಟ್ ಮಾಡುವಾಗಲೇ ಹ್ಯಾಶ್ ಕೊಡದ ಸಿಸ್ಟಮ್ ಆದರೆ ಆ ಕೆಲಸಾನ ನೀವೇ ಕೈಯಾರೆ ಮಾಡಬೇಕಾಗುತ್ತೆ.

ಆರಿಸುವಾಗ ಕೇಳಿದ ಐದು ಪ್ರಶ್ನೆ

ಆ ಘಟನೆ ಆದ ಮೇಲೆ ಬಜೆಟ್ ಸಿಕ್ಕಿತು. ದುಡ್ಡು ಹೋದ ಮೇಲೆ ಬಜೆಟ್ ಬಹಳ ಬೇಗ ಸಿಗುತ್ತೆ! (ನಗು) ವೆಂಡರ್‌ಗಳು ಬಂದು ಡೆಮೋ ಕೊಟ್ಟರು. ಎಲ್ಲರ ಸ್ಲೈಡಿನಲ್ಲೂ ಎಲ್ಲಾ ಕಡೆ ಹಸಿರು ಟಿಕ್ ಮಾರ್ಕು. ಆಗ ನಾವು ನಮ್ಮದೇ ಐದು ಪ್ರಶ್ನೆ ಇಟ್ಟುಕೊಂಡೆವು.

ಮೊದಲನೆಯದು, ಮೇಲ್ ಅನ್ನ ಎಲ್ಲಿ ಹಿಡೀತೀರಿ? ಮೇಲ್‌ಬಾಕ್ಸಿಗೆ ಹೋಗಿ ಗಂಟೆಗೊಮ್ಮೆ ಹೆಕ್ಕಿಕೊಂಡು ಬರೋ ವಿಧಾನ ಆದರೆ, ಆ ಗಂಟೆಯೊಳಗೆ ಬಳಕೆದಾರ ಪೂರ್ತಿ ಅಳಿಸಿದ್ದು ಸಿಗದೇ ಹೋಗಬಹುದು. ಹೊರಗಿನ ಗೇಟ್‌ವೇಯಲ್ಲಿ ಹಿಡಿಯೋದಾದರೆ, ಆಫೀಸಿನ ಒಳಗೊಳಗೇ ಒಬ್ಬರಿಗೊಬ್ಬರು ಕಳಿಸಿದ ಮೇಲ್ ಆ ಗೇಟಿಗೇ ಬರಲ್ಲ. ಜರ್ನಲಿಂಗ್ ಆದರೆ, ಮೇಲ್ ಸಾಗುವ ದಾರಿಯಲ್ಲೇ ಸರ್ವರ್ ಒಂದು ಪ್ರತಿ ತೆಗೆದು ಕಳಿಸುತ್ತೆ. ಅದರ ಜೊತೆ ನಿಜವಾಗಿ ಯಾರ್ಯಾರಿಗೆ ಹೋಯ್ತು ಅನ್ನೋ ಪಟ್ಟಿ ಇರುತ್ತೆ, ಬಿಸಿಸಿಯಲ್ಲಿದ್ದವರು, ಗ್ರೂಪ್ ವಿಳಾಸದ ಒಳಗಿದ್ದ ಜನ ಎಲ್ಲಾ. ನಾವು ಜರ್ನಲಿಂಗ್ ಆರಿಸಿದೆವು. ಒಂದು ವಿಷಯ ಗಮನದಲ್ಲಿರಲಿ, ಎಕ್ಸ್‌ಚೇಂಜ್ ಆನ್‌ಲೈನಿನಲ್ಲಿ ಜರ್ನಲ್ ಪ್ರತಿಯನ್ನ ಅದರದ್ದೇ ಇನ್ನೊಂದು ಮೇಲ್‌ಬಾಕ್ಸಿಗೆ ಕಳಿಸೋ ಹಾಗಿಲ್ಲ, ಹೊರಗಿನ ವ್ಯವಸ್ಥೆ ಬೇಕು.

ಎರಡನೆಯದು, ಅಡ್ಮಿನ್ ಅಳಿಸಬಹುದಾ? ಅಂದರೆ ನನ್ನಂಥವನು. ಅವಧಿ ಮುಗಿಯೋವರೆಗೂ ನಾನು ಕೂಡ ಅಳಿಸೋಕೆ ಆಗದ ಹಾಗಿರಬೇಕು. ಯಾರು ಏನು ಹುಡುಕಿದರು ಅನ್ನೋ ಲಾಗ್ ಇರಬೇಕು, ಆ ಲಾಗ್ ಅನ್ನೂ ನಾನು ಮುಟ್ಟೋ ಹಾಗಿರಬಾರದು.

ಮೂರನೆಯದು, ಹುಡುಕಿದರೆ ಸಿಗುತ್ತಾ? ಇದರ ಬಗ್ಗೆ ಈಗ ಬೇರೆಯಾಗಿ ಹೇಳ್ತೀನಿ.

ನಾಲ್ಕನೆಯದು, ನಿಮ್ಮನ್ನ ಬಿಟ್ಟು ಹೋಗೋದು ಹೇಗೆ? ಐದು ವರ್ಷ ಆದ ಮೇಲೆ ಬೇರೆ ವೆಂಡರ್ ಬೇಕು ಅಂದರೆ, ನಮ್ಮ ಮೇಲ್ ಅನ್ನ ಇಎಂಎಲ್ ಥರದ ಎಲ್ಲರೂ ಓದೋ ರೂಪದಲ್ಲಿ ಕೊಡ್ತೀರಾ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ? ಈ ಪ್ರಶ್ನೆ ಕೇಳಿದಾಗ ಒಬ್ಬ ವೆಂಡರ್ ಮುಖ ನೋಡಬೇಕಿತ್ತು. ಹಾಕೋದು ಪುಕ್ಕಟೆ, ತೆಗೆಯೋದಕ್ಕೆ ಜಿಬಿ ಲೆಕ್ಕದಲ್ಲಿ ದರ. ಅಲ್ಲಿಗೆ ಅವರನ್ನ ಕೈಬಿಟ್ಟೆವು.

ಐದನೆಯದು ಗಾತ್ರ ಮತ್ತು ಖರ್ಚು. ಲೆಕ್ಕ ನೀವೇ ಹಾಕಿ, ವೆಂಡರ್ ಕೈಯಲ್ಲಿ ಹಾಕಿಸಬೇಡಿ. 300 ಜನ, ದಿನಕ್ಕೆ ತಲಾ 80 ಮೇಲ್, ಸರಾಸರಿ 120 ಕೆಬಿ ಅಂದುಕೊಳ್ಳಿ. ದಿನಕ್ಕೆ 2.88 ಜಿಬಿ. ವರ್ಷಕ್ಕೆ 250 ಕೆಲಸದ ದಿನ ಅಂದರೆ 720 ಜಿಬಿ. ಎಂಟು ವರ್ಷಕ್ಕೆ 5.76 ಟಿಬಿ. ಒಂದೇ ಅಟ್ಯಾಚ್‌ಮೆಂಟ್ ಐವತ್ತು ಜನಕ್ಕೆ ಹೋಗಿದ್ದರೆ ಒಂದೇ ಪ್ರತಿ ಇಟ್ಟುಕೊಳ್ಳೋ ಸಿಸ್ಟಮ್‌ನಲ್ಲಿ ಇದು ಇನ್ನೂ ಇಳಿಯುತ್ತೆ. ನೋಡಿದರೆ ಡಿಸ್ಕಿನ ಖರ್ಚು ದೊಡ್ಡದೇ ಅಲ್ಲ. ಖರ್ಚಿರೋದು ತಲಾ ಲೆಕ್ಕದ ಲೈಸೆನ್ಸಿನಲ್ಲಿ. ಅದರಲ್ಲೂ ಬಿಟ್ಟು ಹೋದವರ ತಲೆಗೂ ದುಡ್ಡು ಕೇಳ್ತಾರಾ ಅನ್ನೋದು ಮುಖ್ಯ. ಐಟಿಯಲ್ಲಿ ಜನ ಬಂದು ಹೋಗ್ತಾನೇ ಇರ್ತಾರಲ್ಲ!

ದುಡ್ಡು ಕಡಿಮೆ ಇದ್ದವರು ಪೈಲರ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶ ನೋಡಿ. ಲಿನಕ್ಸ್ ಮೇಲೆ ಓಡುತ್ತೆ, ಕಂಪ್ರೆಸ್ ಮಾಡುತ್ತೆ, ಎನ್‌ಕ್ರಿಪ್ಟ್ ಮಾಡುತ್ತೆ, ನಕಲು ಅಟ್ಯಾಚ್‌ಮೆಂಟ್ ಒಂದೇ ಸಲ ಇಡುತ್ತೆ. ನಾವು ಮೊದಲು ಪ್ರಯೋಗ ಮಾಡಿದ್ದು ಅದರ ಮೇಲೇ. ಆದರೆ ಅದನ್ನ ನೋಡಿಕೊಳ್ಳೋಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಕೆಲಸ ಬಿಟ್ಟರೆ ಏನು ಅನ್ನೋದನ್ನೂ ಯೋಚಿಸಿ.

ಇದೆ, ಆದರೆ ಹುಡುಕಿದರೆ ಸಿಗಲ್ಲ

ಪುಣೆಯಲ್ಲಿ ಪೇಶ್ವೆ ದಫ್ತರ ಇದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಟ್ಟೆಯ ರುಮಾಲಿನಲ್ಲಿ ಕಟ್ಟಿಟ್ಟ ರಾಶಿ ರಾಶಿ ಕಾಗದ, ಬಹುಪಾಲು ಮೋಡಿ ಲಿಪಿಯಲ್ಲಿ. ಕಾಗದ ಇದೆ, ಜೋಪಾನವಾಗೂ ಇದೆ, ಆದರೆ ಮೋಡಿ ಓದೋಕೆ ಬರೋರು ಈಗ ಕಡಿಮೆ. ನಮ್ಮ ಆರ್ಕೈವಿನಲ್ಲೂ ಇದೇ ಸಮಸ್ಯೆ ಎದುರಾಯ್ತು.

ನಮ್ಮ ಹುಬ್ಬಳ್ಳಿ ಕಡೆಯ ಡೀಲರ್ ಒಬ್ಬರು ಪತ್ರಗಳನ್ನ ನುಡಿಯಲ್ಲಿ, ಯುನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಅಟ್ಯಾಚ್ ಮಾಡ್ತಿದ್ದರು. ಇಲ್ಲಿನ ಮರಾಠಿ ಸಪ್ಲೈಯರ್‌ಗಳು ಇದೇ ಥರ ಶ್ರೀಲಿಪಿಯಲ್ಲಿ. ಕಣ್ಣಿಗೆ ಕನ್ನಡ, ಮರಾಠಿ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ಬಾಕಿ" ಅಂತ ಹುಡುಕಿದರೆ ಸೊನ್ನೆ ಫಲಿತಾಂಶ. ಯುನಿಕೋಡ್ ಕನ್ನಡದಲ್ಲೂ ಒಂದು ಸಣ್ಣ ಚೇಷ್ಟೆ ಇದೆ. "ಸಾಫ್ಟ್‌ವೇರ್" ಅಂತ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯೋ ಅಕ್ಷರ ಹಾಕ್ತೀವಿ. ಕೆಲವರ ಕೀಬೋರ್ಡ್ ಹಾಕುತ್ತೆ, ಕೆಲವರದ್ದು ಹಾಕಲ್ಲ. ಹುಡುಕುವ ಎಂಜಿನ್ ಅದನ್ನ ತೆಗೆದು ಹೋಲಿಸದೇ ಇದ್ದರೆ ಎರಡೂ ಬೇರೆ ಬೇರೆ ಪದ.

ಸ್ಕ್ಯಾನ್ ಮಾಡಿದ ಪಿಡಿಎಫ್ ಒಸಿಆರ್ ಇಲ್ಲದೇ ಬರೀ ಚಿತ್ರ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬೀಗ ಹಾಕಿದ ಪೆಟ್ಟಿಗೆ. ಎಲ್ಲಕ್ಕಿಂತ ದೊಡ್ಡ ಮೋಸ ಲಿಂಕು. ಈಗ ಯಾರೂ ಫೈಲ್ ಅಟ್ಯಾಚ್ ಮಾಡಲ್ಲ, ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಲಿಂಕ್ ಕಳಿಸ್ತಾರೆ. ಆರ್ಕೈವಿನಲ್ಲಿ ಉಳಿಯೋದು ಲಿಂಕು ಮಾತ್ರ. ಆ ಫೈಲಿನ ಮಾಲೀಕರ ಅಕೌಂಟ್ ಹೋದರೆ ಲಿಂಕಿನ ಆಚೆ ಏನೂ ಇಲ್ಲ.

ಅದಕ್ಕೆ ನಾವು ಮಾಡಿದ್ದು ಇಷ್ಟು. ಖರೀದಿಗೆ ಮುಂಚೆ ನಮ್ಮದೇ ಇಪ್ಪತ್ತು ಹಳೇ ಮೇಲ್ ಆರಿಸಿದೆವು. ಬಿಸಿಸಿ ಇದ್ದದ್ದು, ಸ್ಕ್ಯಾನ್ ಇದ್ದದ್ದು, ಕನ್ನಡದ್ದು, ಮರಾಠಿಯದ್ದು, ಜಿಪ್ ಇದ್ದದ್ದು. ಎಲ್ಲ ವೆಂಡರ್‌ಗಳಿಗೂ ಅದನ್ನೇ ಹಾಕಿಸಿ, ನಮ್ಮ ಅಕೌಂಟ್ಸ್ ವಿಭಾಗದ ಒಬ್ಬರನ್ನ ಕೂರಿಸಿ, "ಹುಡುಕಿ" ಅಂದೆವು. ಎಂಜಿನಿಯರನ್ನ ಕೂರಿಸಲಿಲ್ಲ. ಆಪತ್ತಿನ ದಿನ ಹುಡುಕೋದು ಅಕೌಂಟ್ಸ್‌ನವರೋ ವಕೀಲರೋ ತಾನೇ? ಆ ಒಂದು ಮಧ್ಯಾಹ್ನ ಕಲಿಸಿದಷ್ಟನ್ನ ಯಾವ ಸ್ಲೈಡೂ ಕಲಿಸಲಿಲ್ಲ.

ಜಾರಿ ಮಾಡುವಾಗ ಎಡವಿದ್ದು

ಮೊದಲು ಎಚ್‌ಆರ್ ಜೊತೆ ಕೂತು ಎಲ್ಲ ಉದ್ಯೋಗಿಗಳಿಗೂ ತಿಳಿಸಿದೆವು. ಏನು ಉಳಿಯುತ್ತೆ, ಎಷ್ಟು ವರ್ಷ, ಯಾರು ನೋಡಬಹುದು ಅಂತ. ಒಬ್ಬ ಅಡ್ಮಿನ್ ಒಬ್ಬನೇ ಹೋಗಿ ಯಾರ ಮೇಲನ್ನೂ ತೆಗೆಯೋ ಹಾಗಿಲ್ಲ. ಎಚ್‌ಆರ್ ಅಥವಾ ಕಾನೂನು ವಿಭಾಗದವರ ಲಿಖಿತ ಕೋರಿಕೆ ಬೇಕು, ಇಬ್ಬರು ಒಪ್ಪಬೇಕು. ಇದನ್ನ ಮಾಡದೇ ಇದ್ದರೆ ಆರ್ಕೈವ್ ಅನ್ನೋದು ಕದ್ದು ನೋಡೋ ಕಿಂಡಿ ಆಗಿಬಿಡುತ್ತೆ.

ಆಮೇಲೆ ಹಳೇ ಪಿಎಸ್‌ಟಿಗಳ ಬೇಟೆ. ಲ್ಯಾಪ್‌ಟಾಪು, ಪೆನ್‌ಡ್ರೈವು, ಡ್ರಾಯರು, ಎಲ್ಲಾ ಕಡೆ ಸಿಕ್ಕವು. ಅವನ್ನ ಆಮದು ಮಾಡಿಕೊಂಡೆವು, ಆದರೆ "ಬಳಕೆದಾರರಿಂದ ಬಂದದ್ದು" ಅಂತ ಬೇರೆ ಗುರುತು ಹಾಕಿ. ಪಿಎಸ್‌ಟಿಯಲ್ಲಿರೋ ಮೇಲನ್ನ ಯಾರು ಬೇಕಾದರೂ ತಿದ್ದಬಹುದು, ಜರ್ನಲಿನಿಂದ ಬಂದದ್ದಕ್ಕೆ ಇರೋ ತೂಕ ಅದಕ್ಕಿಲ್ಲ.

ನಾವು ಎಡವಿದ್ದು ಮೂರನೇ ವಾರ. ಆರ್ಕೈವ್ ಸರ್ವರಿನ ಡಿಸ್ಕ್ ತುಂಬಿತು. ಎರಡು ದಿನ ಜರ್ನಲ್ ಪ್ರತಿಗಳು ವಾಪಸ್ ಬೌನ್ಸ್ ಆದವು, ಯಾರಿಗೂ ಗೊತ್ತಾಗಲಿಲ್ಲ. ತಲುಪದ ಪ್ರತಿಗಳು ಹೋಗಿ ಬೀಳೋಕೆ ಬೇರೊಂದು ವಿಳಾಸ ಕೊಟ್ಟಿದ್ದೆವು, ಅದರಿಂದ ಉಳಿದುಕೊಂಡೆವು. ಅವತ್ತಿನಿಂದ ದಿನಾ ಬೆಳಿಗ್ಗೆ ಒಂದು ಸ್ಕ್ರಿಪ್ಟ್ ಓಡುತ್ತೆ. ನಿನ್ನೆ ಮೇಲ್ ಸರ್ವರ್ ಎಷ್ಟು ಮೇಲ್ ಸಾಗಿಸಿತು, ಆರ್ಕೈವಿಗೆ ಎಷ್ಟು ಬಂತು. ಎರಡೂ ತಾಳೆ ಆಗದಿದ್ದರೆ ಅಲರಾಂ. ಮೂವತ್ತು ಸಾಲಿನ ಸ್ಕ್ರಿಪ್ಟು ಅಷ್ಟೇ.

ಇನ್ನೊಂದು, ತಾನಾಗೇ ಅಳಿಸೋ ವ್ಯವಸ್ಥೆಯನ್ನ ಮೊದಲ ಆರು ತಿಂಗಳು ಚಾಲೂ ಮಾಡಲಿಲ್ಲ. ನಿಯಮ ತಪ್ಪಾಗಿ ಬರೆದಿದ್ದರೆ ತಿದ್ದೋಕೆ ಸಮಯ ಬೇಕು, ಅಳಿಸಿದ ಮೇಲೆ ತಿದ್ದೋಕೆ ಏನೂ ಇರಲ್ಲ. ಚೆಕ್‌ಲಿಸ್ಟನ್ನೂ ಬದಲಿಸಿದೆವು. "ಡಿಲೀಟ್" ಅನ್ನೋ ಸಾಲು ಹೋಗಿ "ಲಾಗಿನ್ ತಡೆ, ಆರ್ಕೈವಿನಲ್ಲಿ ಎಣಿಕೆ ಪರೀಕ್ಷೆ, ವಿಭಾಗದ ಮುಖ್ಯಸ್ಥರ ಒಪ್ಪಿಗೆ, ಆಮೇಲೆ ಲೈಸೆನ್ಸ್ ಬಿಡುಗಡೆ" ಅಂತ ನಾಲ್ಕು ಸಾಲು ಬಂತು.

ಎರಡು ವರ್ಷದ ಮೇಲೆ

ಎರಡು ವರ್ಷದ ನಂತರ ಇಂಥದ್ದೇ ಇನ್ನೊಂದು ತಗಾದೆ. ಡೆಲಿವರಿ ದಿನಾಂಕದ್ದು. ನಮ್ಮ ಸೇಲ್ಸ್‌ನವರು ನಾವು ಅಂಥ ಮಾತೇ ಕೊಟ್ಟಿಲ್ಲ ಅಂದರು. ಆರ್ಕೈವಿನಲ್ಲಿ ಹುಡುಕಿದೆವು, ಟೀ ಆರೋಕೆ ಮುಂಚೆ ಸಿಕ್ಕಿತು. ಮಾತು ಕೊಟ್ಟಿದ್ದೆವು. ಕೆಲಸ ಬಿಟ್ಟುಹೋಗಿದ್ದ ಒಬ್ಬ ಹುಡುಗ ಬರೆದಿದ್ದ, ಅವನ ಮ್ಯಾನೇಜರನ್ನ ಬಿಸಿಸಿಯಲ್ಲಿ ಇಟ್ಟು.

ತಪ್ಪು ನಮ್ಮದೇ ಅಂತ ಆಯ್ತು. ಕಂಪನಿ ವಾದ ಮಾಡದೇ ಒಪ್ಪಿಕೊಂಡಿತು, ಸಣ್ಣ ಮೊತ್ತದಲ್ಲಿ ಮುಗೀತು. ಆ ಹುಡುಗನ ತಲೆಗೆ ಯಾರೂ ಏನೂ ಕಟ್ಟಲಿಲ್ಲ. ಅವನಿಗೆ ಹೀಗೊಂದು ನಡೀತು ಅಂತಲೂ ಗೊತ್ತಿಲ್ಲ. ಆರ್ಕೈವ್ ಕಂಪನಿ ಪರ ವಕಾಲತ್ತು ಮಾಡಲ್ಲ, ನಡೆದದ್ದನ್ನ ಹೇಳುತ್ತೆ ಅಷ್ಟೇ. ಅದು ಬೇಕು ಅನ್ನೋರು ಮಾತ್ರ ಇದಕ್ಕೆ ದುಡ್ಡು ಹಾಕಬೇಕು.

ನಮ್ಮ ವಿಜಯಪುರದ ಸರ್‌ಗೆ ನಾನು ಫೋನ್ ಮಾಡಿ ಹೇಳಿದೆ, ಹಿಂಗೊಂದು ಸಿಸ್ಟಮ್ ಹಾಕಿದೀವಿ ಅಂತ. ಅವರು ಕೇಳಿದ್ದು ಒಂದೇ ಮಾತು. "ನಂದು ಸಿಗತೈತೇನು?" ಸಿಗಲ್ಲ. ಆರ್ಕೈವ್ ಶುರುವಾದ ದಿನದಿಂದ ಮುಂದಿನದು ಮಾತ್ರ ಅದಕ್ಕೆ ಗೊತ್ತು. ಹಾಗಾಗಿ ನಾಳೆ ಸೋಮವಾರ ನೀವು ಮಾಡಬಹುದಾದ ಕೆಲಸ ಒಂದೇ. ನಿಮ್ಮ ಐಟಿಯವರನ್ನ ಕೇಳಿ, ಕಳೆದ ವರ್ಷ ಬಿಟ್ಟು ಹೋದ ಒಬ್ಬರ ಒಂದು ಮೇಲ್ ತೆಗೆದು ತೋರಿಸ್ತೀರಾ ಅಂತ. ತೋರಿಸಿದರೆ ಸಂತೋಷ. ಆಗದಿದ್ದರೆ, ಈ ಮಾತುಗಳನ್ನ ಅವರಿಗೆ ಹೇಳಿ.

ಪ್ರಶ್ನೋತ್ತರ

ನಮ್ಮದು ಹದಿನೈದು ಜನರ ಸ್ಟಾರ್ಟಪ್. ಇಷ್ಟೆಲ್ಲಾ ಮಾಡೋಕೆ ಆಗಲ್ಲ. ಕನಿಷ್ಠ ಏನು ಮಾಡಬೇಕು?

ಡಿಲೀಟ್ ಮಾಡಬೇಡಿ, ಅದೇ ಕನಿಷ್ಠ. ಮೈಕ್ರೋಸಾಫ್ಟಿನಲ್ಲಾದರೆ ಬಿಟ್ಟು ಹೋದವರ ಮೇಲ್‌ಬಾಕ್ಸನ್ನ ಶೇರ್ಡ್ ಮೇಲ್‌ಬಾಕ್ಸ್ ಮಾಡಿ, 50 ಜಿಬಿವರೆಗೆ ಲೈಸೆನ್ಸ್ ಬೇಕಿಲ್ಲ. ಅದು ಆರ್ಕೈವ್ ಅಲ್ಲ, ಪ್ರವೇಶ ಇರೋರು ಅಳಿಸಬಹುದು. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಗೂಗಲ್‌ನಲ್ಲಿ ಬಿಸಿನೆಸ್ ಪ್ಲಸ್ ಮತ್ತು ಮೇಲಿನ ಪ್ಲಾನುಗಳಲ್ಲಿ ವಾಲ್ಟ್ ಬರುತ್ತೆ. ಹುಷಾರು, ಬಳಕೆದಾರರನ್ನ ಡಿಲೀಟ್ ಮಾಡಿದರೆ ವಾಲ್ಟಿನಲ್ಲಿದ್ದ ಅವರ ಡೇಟಾನೂ ಹೋಗುತ್ತೆ. ಅದಕ್ಕೇ ಆರ್ಕೈವ್ಡ್ ಯೂಸರ್ ಅನ್ನೋ ಕಡಿಮೆ ದರದ ಲೈಸೆನ್ಸ್ ಇದೆ.

ಈಗ ಮಾತೆಲ್ಲ ವಾಟ್ಸಾಪಿನಲ್ಲೇ ನಡೆಯುತ್ತಲ್ಲ?

ನಿಜ. ಅದಕ್ಕೆ ತಂತ್ರಜ್ಞಾನದ ಉತ್ತರಕ್ಕಿಂತ ಅಭ್ಯಾಸದ ಉತ್ತರ ಒಳ್ಳೇದು. ಫೋನಿನಲ್ಲಿ, ವಾಟ್ಸಾಪಿನಲ್ಲಿ ತೀರ್ಮಾನ ಆಯ್ತಾ? "ಈಗ ಮಾತಾಡಿದ್ದು ಇಷ್ಟು" ಅಂತ ನಾಲ್ಕು ಸಾಲಿನ ಮೇಲ್ ಹಾಕಿ. ಎರಡು ನಿಮಿಷದ ಕೆಲಸ.

ಕೆಲಸ ಬಿಡುವಾಗ ನಮ್ಮ ಮೇಲ್ ನಾವು ಕಾಪಿ ಮಾಡಿಕೊಂಡು ಹೋಗಬಹುದಾ?

ಬೇಡ. ಬಹುತೇಕ ಕಂಪನಿಗಳಲ್ಲಿ ಅದು ನಿಯಮ ಉಲ್ಲಂಘನೆ, ಗ್ರಾಹಕರ ಡೇಟಾ ಇದ್ದರೆ ಇನ್ನೂ ಕಷ್ಟ. ನಿಮ್ಮ ಸಂಬಳ, ನೇಮಕಾತಿ, ರಿಲೀವಿಂಗ್‌ಗೆ ಸಂಬಂಧಿಸಿದ ಪತ್ರಗಳನ್ನ ಎಚ್‌ಆರ್ ಮೂಲಕ ಕೇಳಿ ತಗೊಳ್ಳಿ. ಉಳಿದದ್ದಕ್ಕೆ ಹ್ಯಾಂಡೋವರ್ ಮೇಲ್ ಬರೀರಿ, ಯಾವ ಮುಖ್ಯ ತೀರ್ಮಾನ ಯಾವ ದಿನಾಂಕದ ಯಾವ ಮೇಲಿನಲ್ಲಿದೆ ಅಂತ ಪಟ್ಟಿ ಮಾಡಿ, ಮ್ಯಾನೇಜರಿಗೂ ಎಚ್‌ಆರಿಗೂ ಕಳಿಸಿ. ನಮ್ಮ ಸರ್ ಅಂಥ ಒಂದು ಪಟ್ಟಿ ಕೊಟ್ಟು ಹೋಗಿದ್ದರೆ, ಆ ಡಿಲೀಟ್ ಬಟನ್ ಒತ್ತೋ ಮುಂಚೆ ನನ್ನ ಕೈ ಸ್ವಲ್ಪ ತಡೀತಿತ್ತೇನೋ. ಆದರೂ ಅದನ್ನ ಕೇಳಿ ಪಡೀಬೇಕಾಗಿದ್ದವನು ನಾನು, ಕೊಡಬೇಕಾಗಿದ್ದವರು ಅವರಲ್ಲ.

ಹೊರಗೆ ಚಹಾ ಇದೆ, ಉಳಿದ ಪ್ರಶ್ನೆ ಅಲ್ಲೇ ಮಾತಾಡೋಣ.